ಹತ್ತು ಇಲ್ಲದ ರೇಸು

ಪುತ್ತೂರು, ಸುಳ್ಯ, ಕಡಬದ ಬೈಕ್ ರೇಸುಗಳಲ್ಲಿ ಹತ್ತು ಎಂಬ ನಂಬರ್ ಇರಲಿಲ್ಲ. ಒಂಬತ್ತಾದ ಮೇಲೆ ನೇರ ಹನ್ನೊಂದು. ಹೊರಗಿನಿಂದ ಬಂದ ಸವಾರರು ಕಾರಣ ಕೇಳಿದರೆ ಊರಿನವರು ತಲೆಗೊಂದು ಕಥೆ ಹೇಳುತ್ತಿದ್ದರು. ಆ ನಂಬರಿನವನೊಬ್ಬ ಗುಂಡ್ಯದ ಹತ್ತಿರ ಬಿದ್ದು ಸತ್ತನಂತೆ, ಅವನ ನಂಬರಿನ ತಗಡನ್ನು ಮುಟ್ಟಿದವರಿಗೆ ಭೂತದ ಉಪದ್ರ ಸುರುವಾಯಿತಂತೆ. ಎಲ್ಲ ಬೊಗಳೆ. ಸತ್ತವರು ಯಾರೂ ಇಲ್ಲ, ನಮ್ಮ ಕಡೆಯ ಭೂತಗಳಿಗೆ ಬೇರೆ ಕೆಲಸ ಬೇಕಾದಷ್ಟಿದೆ. ಆ ನಂಬರನ್ನು ತೆಗೆಸಿದವನು ಕಬಕದ ತ್ಯಾಂಪಣ್ಣ. ಯಾಕೆ ತೆಗೆಸಿದ ಎಂಬುದು ಹನ್ನೊಂದು ವರ್ಷ ಅವನೊಬ್ಬನಿಗೇ ಗೊತ್ತಿತ್ತು.

ತ್ಯಾಂಪಣ್ಣ ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ ಏಜೆಂಟ. ಏಜೆಂಟ ಎಂದರೆ ದೊಡ್ಡ ಹುದ್ದೆಯೇನಲ್ಲ, ಬಸ್ಸಿನ ಬಾಗಿಲ ಹತ್ತಿರ ನಿಂತು ಊರಿನ ಹೆಸರು ಕೂಗಿ ಜನ ತುಂಬಿಸುವವನು. ಮನೆಯಲ್ಲಿ ತುಳು ಮಾತಾಡಿದರೂ ಬಸ್ಸಿಗೆ ಅವನದು ಕನ್ನಡ. "ಸುಳ್ಯ ಸುಳ್ಯ ಸುಳ್ಯ, ಹತ್ತಿ ಹತ್ತಿ!" ಗುರುತಿನವರಾದರೆ, ಶಾಲೆಯ ಮಕ್ಕಳಾದರೆ, "ಹತ್ತು ಹತ್ತು, ಬೇಗ ಹತ್ತು!" ಆ ಸ್ವರ ಕೇಳಿದರೆ ಕಾಲು ತನ್ನಷ್ಟಕ್ಕೆ ಏಳುತ್ತಿತ್ತು. ವಿಟ್ಲಕ್ಕೆ ಹೋಗಬೇಕಾದ ಮುದುಕರು ಸುಳ್ಯದ ಬಸ್ಸು ಹತ್ತಿ ಕೂತು, ಊರು ದಾಟಿದ ಮೇಲೆ ಕಂಡಕ್ಟರನ ಹತ್ತಿರ ಜಗಳ ಮಾಡಿದ್ದೂ ಉಂಟು.

೧೯೭೪ರಲ್ಲಿ, ಮಳೆಗಾಲದ ಎಣೆಲು ಬೆಳೆ ಕೊಯ್ದು ಒಣಗಿದ ಕಬಕದ ಗದ್ದೆಯಲ್ಲಿ ಯುವಕ ಮಂಡಲದವರು ಮೊದಲ ಬೈಕ್ ರೇಸು ಇಟ್ಟರು. ಸುಣ್ಣದ ಗೆರೆ ಎಳೆದು ಸುತ್ತು ಮಾಡಿದರು, ಹದಿನಾಲ್ಕು ಜಾವಾ, ರಾಜದೂತ್, ಬುಲೆಟ್ಟುಗಳಿಗೆ ತಗಡಿನ ನಂಬರ್ ಕಟ್ಟಿದರು. ಮೈಕ್ ಸೆಟ್ಟೂ ಬಂತು. ಆದರೆ ಮೈಕಿನ ಮುಂದೆ ನಿಂತ ಮಾಸ್ಟ್ರಿಗೆ ಬೈಕುಗಳು ಹೊರಟ ಕೂಡಲೇ ಗಂಟಲು ಕಟ್ಟಿತು. ಯಾರೋ ತ್ಯಾಂಪಣ್ಣನನ್ನು ಮುಂದೆ ತಳ್ಳಿದರು. ಅವನು ಮೈಕ್ ಹಿಡಿದ, ಊರು ಬೆರಗಾಯಿತು. ಬಸ್ಸನ್ನು ಹಾರ್ನಿನಲ್ಲೇ ಗುರುತಿಸುವವನಿಗೆ ಹದಿನಾಲ್ಕು ಬೈಕು ಯಾವ ಲೆಕ್ಕ? ಧೂಳಿನಲ್ಲಿ ನಂಬರ್ ಕಾಣದಿದ್ದರೂ ಇಂಜಿನ್ನಿನ ಶಬ್ದದಿಂದಲೇ ಯಾರು ಮುಂದೆ, ಯಾರು ಹಿಂದೆ ಎಂದು ಹೇಳುತ್ತ ಹೋದ.

ಕೊನೆಯ ಸುತ್ತಿನಲ್ಲಿ ಮೆಕ್ಯಾನಿಕ್ ಹೈದರನ ಜಾವಾ ಹಿಂದಿನಿಂದ ನುಗ್ಗಿ ಬಂತು. ಅದರ ನಂಬರ್ ಹತ್ತು. ತ್ಯಾಂಪಣ್ಣನಿಗೆ ಮೈಮೇಲೆ ಬಂದ ಹಾಗಾಯಿತು. "ಹತ್ತು! ಹತ್ತು! ಹತ್ತು!" ಎಂದು ಕೂಗಿದ, ಬಸ್ ಸ್ಟ್ಯಾಂಡಿನಲ್ಲಿ ಕೂಗುವ ಅದೇ ಸ್ವರದಲ್ಲಿ, ಅದೇ ರಾಗದಲ್ಲಿ.

ತಿರುವಿನ ಬದಿಯಲ್ಲಿ ನಿಂತಿದ್ದ ಜನ ಹತ್ತಿದರು. ಅಲ್ಲಿ ಆಳೆತ್ತರದ ಕಟ್ಟಪುಣಿ ಇತ್ತು, ಗದ್ದೆಯಂಚಿನ ಮಣ್ಣಿನ ದಂಡೆ. ಐವತ್ತು ಅರುವತ್ತು ಮಂದಿ ಒಮ್ಮೆಲೇ ಅದರ ಮೇಲೇರಿದರೆ ಅದು ಹೇಗೆ ತಡೆದೀತು? ಜರಿದು ಬಿತ್ತು. ಎಲ್ಲರೂ ಮೈ ಕೊಡವಿಕೊಂಡು ಎದ್ದರು, ಒಬ್ಬ ಏಳಲಿಲ್ಲ. ಅವನು ಬೋಜ, ತ್ಯಾಂಪಣ್ಣನ ಚಡ್ಡಿ ದೋಸ್ತಿ. ತೆಂಗಿನ ಮರ ಹತ್ತಿ ಕಾಯಿ ಕೀಳುವುದು ಅವನ ಕಸುಬು. ಎಲ್ಲರಿಗಿಂತ ಮೊದಲು ಹತ್ತಿದವನು ಅವನೇ, ಮಣ್ಣಿನ ಅಡಿಗೆ ಸಿಕ್ಕಿದವನೂ ಅವನೇ. ಬಲಗಾಲು ಮೊಣಕಾಲಿನ ಹತ್ತಿರ ಎರಡು ಕಡೆ ಮುರಿದಿತ್ತು. ಮೂಳೆ ಕೂಡಿತು, ಆದರೆ ಕಾಲು ಮಡಚಲಿಲ್ಲ. ಬೋಜ ಮತ್ತೆ ಮರ ಹತ್ತಲಿಲ್ಲ.

ತುಳುವಿನಲ್ಲಿ ಕೂಗಿದ್ದರೆ ಇದು ಆಗುತ್ತಲೇ ಇರಲಿಲ್ಲ. ತುಳುವಿನಲ್ಲಿ ಹತ್ತಕ್ಕೆ 'ಪತ್ತ್', ಅದಕ್ಕೆ ಹಿಡಿ ಎಂಬ ಅರ್ಥವೂ ಇದೆ. ಹೆಚ್ಚೆಂದರೆ ಜನ ಪಕ್ಕದವನ ಕೈಯೋ ಜೇಬೋ ಹಿಡಿಯುತ್ತಿದ್ದರು, ಕಾಲು ಮುರಿಯುತ್ತಿರಲಿಲ್ಲ. ಆಸ್ಪತ್ರೆಯ ಹೊರಗೆ ಕೂತಿದ್ದಾಗ ತ್ಯಾಂಪಣ್ಣನಿಗೆ ಇದೆಲ್ಲ ಹೊಳೆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರಿನವರು ಮಾತ್ರ ಕಟ್ಟಪುಣಿಯನ್ನು ಬೈದರು, ಅದರೊಳಗೆ ಬಿಲ ತೋಡಿದ ಹೆಗ್ಗಣಗಳನ್ನು ಬೈದರು. ಮೈಕನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಹೇಳಿಬಿಡೋಣ ಎಂದು ನಾಲ್ಕೈದು ಸಲ ಬೋಜನ ಮನೆಗೆ ಹೋದ. ಬಾಗಿಲಲ್ಲಿ ಬೋಜನ ಹೆಂಡತಿ ಸೀತು ನೀರು ಬೆಲ್ಲ ಕೊಟ್ಟು, "ನೀವು ಇದ್ದದ್ದಕ್ಕೆ ಆಯ್ತು ತ್ಯಾಂಪಣ್ಣ" ಎಂದರೆ ಮಾತು ಬಾಯಿಯಲ್ಲೇ ಉಳಿಯುತ್ತಿತ್ತು. ಕೊನೆಗೆ ಹೇಳುವುದನ್ನು ಬಿಟ್ಟು ಮಾಡುವುದನ್ನು ಹಿಡಿದ. ಬಸ್ ಸ್ಟ್ಯಾಂಡಿನಲ್ಲಿ ತಾನು ನಿಲ್ಲುವ ಜಾಗದ ಬದಿಯಲ್ಲೇ ಬೋಜನಿಗೆ ನೆಲಗಡಲೆ ಹುರಿಯುವ ಗಾಡಿ ಇಡಿಸಿದ. ಯಾವ ರೇಸಿಗೆ ಹೋದರೂ ಮೈಕಿನ ಮೇಜಿನ ಪಕ್ಕ ಬೋಜನ ಬುಟ್ಟಿಗೆ ಜಾಗ. ಬಸ್ಸಿನಲ್ಲಿ ಮುಂದಿನ ಸೀಟು. ಅವನು ಬಸ್ಸಿನ ಹತ್ತಿರ ಬಂದರೆ ತ್ಯಾಂಪಣ್ಣ "ಬಲ ಬೋಜ" ಎಂದು, ಬಾ ಎಂಬುದನ್ನು ತುಳುವಿನಲ್ಲೇ ಹೇಳಿ, ರಟ್ಟೆ ಹಿಡಿದು ಕೂರಿಸುತ್ತಿದ್ದ. ಹತ್ತು ಎಂಬ ಶಬ್ದವನ್ನು ಬೋಜನಿಗೆ ಮಾತ್ರ ಅವನು ಮತ್ತೆ ಹೇಳಲಿಲ್ಲ. ಮರು ವರ್ಷ ಸುಳ್ಯದ ರೇಸಿಗೆ ಕರೆದಾಗ, "ಹತ್ತನೇ ತಗಡು ತೆಗೀರಿ, ಅದು ನಮ್ಮ ಊರಿಗೆ ಆಗಿಬರುದಿಲ್ಲ" ಎಂದ. ಮೈಕಿನವನ ಮಾತು, ಯಾರು ಎದುರಾಡುತ್ತಾರೆ? ಕಥೆಗಳು ಹುಟ್ಟಿದ್ದು ಆಮೇಲೆ.

೧೯೮೦ರ ಹೊತ್ತಿಗೆ ವರ್ಷಕ್ಕೆ ಮೂರು ರೇಸು ನಡೆಯುತ್ತಿದ್ದವು. ಅಷ್ಟರಲ್ಲಿ ತ್ಯಾಂಪಣ್ಣನ ಗಂಟಲು ಕೆಟ್ಟಿತು. ಡಾಕ್ಟರು ಬಾಯಿಗೆ ಬ್ಯಾಟರಿಯ ಬೆಳಕು ಹಾಕಿ ನೋಡಿ, "ಬಸ್ಸಾ ಮೈಕಾ, ಒಂದನ್ನು ಬಿಡಿ ಮಾರಾಯ್ರೆ" ಎಂದರು. ಬಸ್ಸು ಬಿಟ್ಟರೆ ಒಲೆ ಉರಿಯುವುದಿಲ್ಲ. ಮೈಕಿಗೆ ಇನ್ನೊಂದು ಗಂಟಲು ಬೇಕಾಯಿತು.

ಮೊದಲು ಸಿಕ್ಕಿದವನು ಯಜ್ಞೇಶ್ವರ. ತಾಳಮದ್ದಳೆಯಲ್ಲಿ ಅರ್ಥ ಹೇಳುವವನು, ಸ್ವರ ಗಂಟೆಯಂಥದ್ದು. ಆದರೆ ಅವನು "ಪವನವೇಗದಿಂದ ಧಾವಿಸಿ ಬರುತ್ತಿರುವ ಈ ವೀರಾಗ್ರಣಿಯು ಯಾರೆಂದರೆ" ಎನ್ನುವಷ್ಟರಲ್ಲಿ ವೀರಾಗ್ರಣಿ ಅರ್ಧ ಸುತ್ತು ಆಚೆಗಿರುತ್ತಿದ್ದ. "ನೀನು ರಾವಣನಿಗೆ ಆದೀತು, ರಾಜದೂತಿಗೆ ಆಗ್ಲಿಕ್ಕಿಲ್ಲ" ಎಂದು ತ್ಯಾಂಪಣ್ಣ ಕೈಮುಗಿದ.

೧೯೮೧ರ ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಬೆಂಚಿನಿಂದ ಅವನ ಕೂಗೇ ಅವನಿಗೆ ಕೇಳಿಸಿತು, ಹೆಣ್ಣಿನ ಸ್ವರದಲ್ಲಿ. ತಿರುಗಿ ನೋಡಿದರೆ ಹದಿನೇಳರ ಒಬ್ಬ ಹುಡುಗಿ ಗೆಳತಿಯರನ್ನು ನಗಿಸಲು ಅವನನ್ನೇ ಅಣಕಿಸುತ್ತಿದ್ದಳು. ಸಿಕ್ಕಿಬಿದ್ದವಳು ಓಡಲಿಲ್ಲ. ಅರಂತೋಡಿನ ಶೀಲಾವತಿ, ರಸ್ತೆ ಬದಿಯಲ್ಲಿ ಚಾ ಅಂಗಡಿ ಇಟ್ಟ ಕುಕ್ಕಪ್ಪ ಗೌಡರ ಮಗಳು. ಪುತ್ತೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಟೈಪಿಂಗ್ ಕಲಿಯುತ್ತಿದ್ದಳು.

"ಈಗ ಬರುದು ಯಾವ ಬಸ್ಸು ಹೇಳು" ಎಂದ ತ್ಯಾಂಪಣ್ಣ, ಬೈಯುವುದನ್ನು ಬಿಟ್ಟು. ಗಾಡಿ ಇನ್ನೂ ತಿರುವಿನ ಆಚೆಗಿತ್ತು.

"ಬಸ್ಸಲ್ಲ ಮಾವ, ಲಾರಿ. ಮರದ ಲೋಡು" ಎಂದಳು.

ಮರದ ಲೋಡಿನ ಲಾರಿಯೇ ಬಂತು. ಇವಳಿಗೆ ಈ ಕಿವಿ ಅಪ್ಪನ ಅಂಗಡಿಯಲ್ಲಿ ಬಂದದ್ದು. ರಸ್ತೆಗೆ ಬೆನ್ನು ಹಾಕಿ ಒಲೆಯ ಮುಂದೆ ಕೂತವಳು, ಮಡಿಕೇರಿ ಕಡೆಯಿಂದ ಇಳಿದು ಬರುವ ಗಾಡಿಯ ಶಬ್ದ ಕೇಳಿ, ಯಾವ ಡ್ರೈವರು, ಎಷ್ಟು ಗ್ಲಾಸು ಚಾ ಎಂದು ಮೊದಲೇ ತಿಳಿಯಬೇಕು. ತಡವಾದರೆ ಬಸ್ಸು ನಿಲ್ಲುವುದಿಲ್ಲ, ಚಾ ಉಳಿಯುತ್ತದೆ.

ಪಾಠ ಸುರುವಾಯಿತು. ಆದಿತ್ಯವಾರ ಬೆಳಿಗ್ಗೆ ಕಬಕದಲ್ಲಿ, ವಿಟ್ಲದ ರಸ್ತೆ ಕೂಡುವಲ್ಲಿ, ಅಂಗಡಿ ಜಗಲಿಯ ಮೇಲೆ ಗುರು ಶಿಷ್ಯೆ ಇಬ್ಬರೂ ರಸ್ತೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಹೋಗಿ ಬರುವವರಿಗೆ ಇವರು ಊರಿನ ಮೇಲೆ ಸಿಟ್ಟು ಮಾಡಿಕೊಂಡ ಹಾಗೆ ಕಾಣುತ್ತಿತ್ತು. ಗಾಡಿ ಬೆನ್ನ ಹಿಂದೆ ದಾಟುವ ಮೊದಲು ಅವಳು ಹೇಳಿ ಮುಗಿಸಬೇಕು. "ಮೊದಲು ಎಲ್ಲಿ ಅಂತ ಹೇಳು. ಆಮೇಲೆ ನಂಬರ್. ಆಮೇಲೆ ಹೆಸರು. ಉಸಿರು ಉಳಿದ್ರೆ ಮಾತ್ರ ಹೊಗಳುದು" ಎನ್ನುತ್ತಿದ್ದ. ಯಾರಾದರೂ ಬಿದ್ದರೆ ಅಯ್ಯೋ ಎನ್ನಬಾರದು. "ಅವನ ಅಮ್ಮ ಇಲ್ಲಿ ಕೂತಿರ್ತಾಳೆ ಮಗಾ. ಬಿದ್ದವ ಯಾರು, ಎದ್ದನಾ ಇಲ್ವಾ, ಅಷ್ಟೇ ಹೇಳು." ಪ್ರತಿಯೊಂದಕ್ಕೂ ಅವನಲ್ಲಿ ಕಾರಣ ಇತ್ತು. ನಂಬರ್ ಎಣಿಸುವ ಅಭ್ಯಾಸದಲ್ಲಿ ಮಾತ್ರ, ಅವಳು "ಎಂಟು, ಒಂಬತ್ತು, ಹತ್ತು" ಎಂದರೆ, "ಹತ್ತು ಇಲ್ಲ, ಮುಂದೆ ಹೋಗು" ಎಂದು ಗದರುತ್ತಿದ್ದ. ಯಾಕೆ ಎಂದರೆ, "ಇಲ್ಲ ಅಂದ್ರೆ ಇಲ್ಲ."

ನಾಲ್ಕು ವರ್ಷ ಕಳೆಯಿತು. ಶೀಲಾವತಿ ಟೈಪಿಂಗ್ ಮುಗಿಸಿ ಪೇಟೆಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಸಣ್ಣ ಸಣ್ಣ ಸೈಕಲ್ ರೇಸುಗಳಿಗೆ ತ್ಯಾಂಪಣ್ಣ ಅವಳಿಗೆ ಮೈಕ್ ಕೊಡಿಸಿದ. ಬೈಕಿನದು ಬೇರೆ ಮಾತು. ಹುಡುಗಿಯನ್ನು ಆ ಧೂಳು ಗಲಾಟೆಗೆ ನಿಲ್ಲಿಸುವುದಾ ಎಂದು ಕಮಿಟಿಗಳು ಮೂಗು ಮುರಿದವು. ಕುಕ್ಕಪ್ಪ ಗೌಡರೂ ಸುಲಭದಲ್ಲಿ ಒಪ್ಪಲಿಲ್ಲ. ಕೊನೆಗೆ, "ಒಂದು ರೇಸು ನೋಡ್ತೇನೆ. ಸರಿ ಕಂಡ್ರೆ ಮುಂದೆ, ಇಲ್ಲದಿದ್ರೆ ಅಲ್ಲಿಗೆ ಮುಗೀತು" ಎಂದರು. ಆ ಒಂದು ರೇಸು ೧೯೮೫ರ ಕಡಬದ್ದು.

ರೇಸಿಗೆ ಆರು ದಿನ ಇರುವಾಗ ಕಡಬದ ಕಮಿಟಿಯ ಕಾರ್ಯದರ್ಶಿ ಚೆನ್ನಪ್ಪ ಸವಾರರ ಪಟ್ಟಿ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದ. ಹದಿನಾರು ಹೆಸರು. ನಡುವೆ ಮಡಿಕೇರಿಯವನೊಬ್ಬನ ಎದುರು ಹತ್ತು ಎಂದು ಬರೆದಿತ್ತು.

"ಇದನ್ನು ಹದಿನೇಳು ಮಾಡಿ" ಎಂದ ತ್ಯಾಂಪಣ್ಣ.

"ಆಗುದಿಲ್ಲ ಮಾರಾಯ್ರೆ. ಅವನ ಬೈಕಿಗೆ, ಹೆಲ್ಮೆಟ್ಟಿಗೆ, ಅಂಗಿಗೆ ಎಲ್ಲ ಅದೇ ನಂಬರ್ ಪೈಂಟ್ ಮಾಡಿಸಿದ್ದಾನೆ. ಬದಲಾಯಿಸಿದ್ರೆ ಬರುದಿಲ್ಲ ಅಂತಾನೆ. ಅವ ಬಾರದಿದ್ರೆ ಇನ್ನೂ ನಾಲ್ಕು ಜನ ಬರುದಿಲ್ಲ."

"ಹಾಗಾದ್ರೆ ನಮ್ಮ ಮೈಕಿನವರೂ ಬರುದಿಲ್ಲ."

ಚೆನ್ನಪ್ಪ ಪಟ್ಟಿ ಮಡಚಿದ. "ಮಂಗಳೂರಿನ ಒಬ್ಬರು ತಯಾರುಂಟು. ನಾಳೆ ಸಂಜೆಯೊಳಗೆ ಹೇಳಿ. ಆ ಹುಡುಗಿಗೆ ಒಂದು ದಾರಿಯಾಗ್ತದೆ ಅಂತ ನಾವು ಒಪ್ಪಿದ್ದು" ಎಂದು ಹೇಳಿ ಹೋದ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಶೀಲಾವತಿ ಬಂದಳು. ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅಳುತ್ತಾಳೆ, ಬೈಯುತ್ತಾಳೆ ಎಂದು ತ್ಯಾಂಪಣ್ಣ ತಯಾರಾಗಿದ್ದ. ಅವಳು ಎರಡೂ ಮಾಡಲಿಲ್ಲ.

"ಮಂಗಳೂರಿನವರೇ ಹೇಳ್ಲಿ ಮಾವ. ನೀವು ಬೇಡ ಅಂದ್ರೆ ನಾನು ಹೋಗುದಿಲ್ಲ. ಆದ್ರೆ ಕಾರಣ ಹೇಳಿ. ನಾಲ್ಕು ವರ್ಷ ನೀವು ಕಲಿಸಿದ್ದಕ್ಕೆಲ್ಲ ಕಾರಣ ಕೊಟ್ಟಿದ್ದೀರಿ. ಇದೊಂದಕ್ಕೆ ಮಾತ್ರ ಇಲ್ಲ."

ನಾಲ್ಕು ಮಾರು ಆಚೆ ಬೋಜ ಬಾಣಲೆಯಲ್ಲಿ ಮರಳು ಹಾಕಿ ನೆಲಗಡಲೆ ಹುರಿಯುತ್ತಿದ್ದ. ತ್ಯಾಂಪಣ್ಣ ಅವನ ಕಡೆ ನೋಡಿದ. ಸುಳ್ಳು ಹೇಳಬಹುದಿತ್ತು, ಭೂತದ ಕಥೆ ಹೇಗೂ ತಯಾರಿತ್ತು. ಆದರೆ ಕಿವಿಯನ್ನೇ ನಂಬಿ ಬದುಕು ಕಟ್ಟುವ ಹುಡುಗಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಮೆಲ್ಲಗೆ ಹೇಳಲು ಸುರು ಮಾಡಿದ. ಮೂವತ್ತು ವರ್ಷ ಬಸ್ಸಿಗೆ ಕೂಗಿದ ಗಂಟಲಿಗೆ ಮೆಲ್ಲಗೆ ಎಂಬುದು ಗೊತ್ತಿದ್ದರಲ್ಲವೇ? ಜಾವಾ, ಕೊನೆಯ ಸುತ್ತು, ಹತ್ತು ಹತ್ತು ಎಂಬ ಕೂಗು, ಕಟ್ಟಪುಣಿ, ಬೋಜನ ಕಾಲು, ಅವನ ಮೇಲೆ ಕಣ್ಣಿಟ್ಟ ತನ್ನ ಹನ್ನೊಂದು ವರ್ಷ, ಎಲ್ಲ ಹೊರಗೆ ಬಂತು. ಹೇಳಿ ಮುಗಿಸುವಾಗ ಬಾಣಲೆಯ ಸದ್ದು ನಿಂತಿತ್ತು.

ಬೋಜ ಸೌಟು ಹಿಡಿದುಕೊಂಡೇ ಕುಂಟುತ್ತ ಬಂದ.

"ನೀನು ಹತ್ತು ಅಂದೆ, ನಾನು ಹತ್ತಿದೆ. ಅದು ನನಗೆ ಅವತ್ತೇ ಗೊತ್ತುಂಟು" ಎಂದ. "ಆ ಕೂಗು ಕೇಳಿ ಹತ್ತಿದವ ನಾನೇ ಅಲ್ವಾ? ತಪ್ಪಿ ಬಾಯಿಗೆ ಬಂತು, ಆಯ್ತು. ಮರದಿಂದ ಬಿದ್ದಿದ್ರೂ ಮುರೀತಿತ್ತು."

ಬೋಜ ಸೌಟನ್ನು ಗಾಡಿಯ ಕಡೆ ತಿರುಗಿಸಿದ.

"ಆದ್ರೆ ಈ ಗಾಡಿ, ಮೈಕಿನ ಬದಿಯ ಜಾಗ, ಮುಂದಿನ ಸೀಟು, ಇದೆಲ್ಲ ಎಂತ? ನಾನು ದೋಸ್ತಿ ಅಂತ ಎಣಿಸಿದ್ದೆ. ನೀನು ದಂಡ ಕಟ್ಟುದಾ ಇಷ್ಟು ವರ್ಷ?"

ಹೌದು ಎಂದರೂ ತಪ್ಪು, ಅಲ್ಲ ಎಂದರೂ ಸುಳ್ಳು. ಬೋಜ ಉತ್ತರಕ್ಕೆ ಕಾಯಲಿಲ್ಲ. ಒಲೆಯ ಕೆಂಡಕ್ಕೆ ನೀರು ಹಾಕಿ, ಗಾಡಿಯನ್ನು ತಳ್ಳಿಕೊಂಡು ಹೋದ. ಮರುದಿನ ಅವನ ಗಾಡಿ ಸ್ಟ್ಯಾಂಡಿನ ಇನ್ನೊಂದು ತುದಿಯಲ್ಲಿ, ವಿಟ್ಲದ ಬಸ್ಸು ನಿಲ್ಲುವಲ್ಲಿತ್ತು. ಕಾಲು ಮುರಿಸಿದ್ದಕ್ಕೆ ಸಿಟ್ಟಾಗದವನು ಉಪಕಾರಕ್ಕೆ ಸಿಟ್ಟಾದ. ತ್ಯಾಂಪಣ್ಣ ಇಷ್ಟು ವರ್ಷ ಹೆದರಿದ್ದು ಒಂದಕ್ಕೆ, ಕಳೆದುಕೊಂಡದ್ದು ಇನ್ನೊಂದರಲ್ಲಿ.

ಆ ಮಧ್ಯಾಹ್ನ ಬೋಜ ಹೋದ ಮೇಲೆ ಶೀಲಾವತಿ ಆ ಶಬ್ದವನ್ನು ಬಾಯಲ್ಲೇ ಎರಡು ಮೂರು ಬಗೆಯಲ್ಲಿ ಹೇಳಿ ನೋಡಿದಳು. ಆಮೇಲೆ, "ಹತ್ತು ಅಂತ ಹೇಳುದು ಬೇಡ ಮಾವ. ಹತ್ತನೇ ನಂಬರ್ ಅಂತ ಹೇಳಿದ್ರೆ ಯಾರೂ ಎಲ್ಲಿಗೂ ಹತ್ತುದಿಲ್ಲ" ಎಂದಳು. ತ್ಯಾಂಪಣ್ಣ ಅವಳ ಮುಖವನ್ನೇ ನೋಡಿದ. ಒಂದು 'ನೇ' ಸೇರಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಅವನು ಮೂರು ಊರಿನ ಲೆಕ್ಕವನ್ನೇ ತಿರುಚಿದ್ದ. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಕಲಿಸಿದ್ದು ಅವನು, ತಿದ್ದಿದ್ದು ಅವಳು. ಮೈಕಿಗೆ ಅವಳೇ ಬರುತ್ತಾಳೆ ಎಂದು ಚೆನ್ನಪ್ಪನಿಗೆ ಅವತ್ತೇ ಹೇಳಿ ಕಳಿಸಿದ.

ಕಡಬದ ಬೈಲಿನಲ್ಲಿ ಆ ಆದಿತ್ಯವಾರ ಜನ ಕಿಕ್ಕಿರಿದಿದ್ದರು. ಬೋಜನೂ ಬಂದಿದ್ದ, ಬೇರೆ ಬಸ್ಸಿನಲ್ಲಿ. ಬುಟ್ಟಿಯನ್ನು ಗದ್ದೆಯ ಆಚೆ ತುದಿಯಲ್ಲಿ ಇಟ್ಟುಕೊಂಡಿದ್ದ. ಮೈಕಿನ ಮೇಜಿನ ಬದಿಯ ಜಾಗ ಖಾಲಿ ಇತ್ತು. ಯಾರೋ ಅಲ್ಲಿ ಕೂರಲು ಬಂದರೆ ತ್ಯಾಂಪಣ್ಣ, "ಜನ ಉಂಟು" ಎಂದ. ಕುಕ್ಕಪ್ಪ ಗೌಡರು ಅರಂತೋಡಿನಿಂದ ಬಂದು ಕೈಕಟ್ಟಿ ನಿಂತಿದ್ದರು, ನಗದೆ.

ಬೈಕುಗಳು ಹೊರಟವು. ತ್ಯಾಂಪಣ್ಣ ಟ್ರ್ಯಾಕಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತ. ಮೊದಲ ಸುತ್ತಿನಲ್ಲಿ ಅವಳ ಸ್ವರ ಸ್ವಲ್ಪ ನಡುಗಿತು, ಎರಡನೆಯದರಲ್ಲಿ ನೆಟ್ಟಗಾಯಿತು. ಇವನ ಕಿವಿ ಒಂದು ಬೈಕನ್ನು ಗುರುತಿಸುವುದಕ್ಕೂ ಅವಳು ಅದನ್ನು ಹೇಳುವುದಕ್ಕೂ ಎಡೆ ಇರಲಿಲ್ಲ. ಮೂರನೇ ಸುತ್ತಿನಲ್ಲಿ ಇವನು ಯೆಜ್ದಿ ಎಂದುಕೊಂಡದ್ದನ್ನು ಅವಳು ರಾಜದೂತ್ ಎಂದಳು. ತಿರುಗಿ ನೋಡಿದರೆ ರಾಜದೂತೇ. ಅಲ್ಲಿಂದ ಅವನು ತಿರುಗಿ ನೋಡುವುದನ್ನು ಬಿಟ್ಟ.

"ತೋಡಿನ ತಿರುವು. ಹತ್ತನೇ ನಂಬರ್, ಮಡಿಕೇರಿಯ ದೇವದಾಸ, ಒಳಗಿನಿಂದ ಬಂದು ನಾಲ್ಕನೆಯವನನ್ನು ದಾಟಿದ್ದಾನೆ!"

ತ್ಯಾಂಪಣ್ಣ ಕುರ್ಚಿಯ ಕೈ ಬಿಗಿಯಾಗಿ ಹಿಡಿದ. ಯಾರೂ ಎಲ್ಲಿಗೂ ಹತ್ತಲಿಲ್ಲ. ನಿಂತವರು ನಿಂತಲ್ಲೇ ಕೈತಟ್ಟಿದರು. ಅವಳು ಆ ನಂಬರನ್ನು ಅವತ್ತು ಹದಿನೆಂಟು ಸಲ ಹೇಳಿದಳು, ಒಂದೊಂದನ್ನೂ ಅವನು ಎಣಿಸಿದ. ಹತ್ತನೇ ನಂಬರ್ ಕೊನೆಗೆ ಮೂರನೆಯದಾಗಿ ಬಂತು, ಅದೇನೂ ದೊಡ್ಡ ವಿಷಯವಾಗಲಿಲ್ಲ. ಕುಕ್ಕಪ್ಪ ಗೌಡರು ಕಟ್ಟಿದ ಕೈ ಬಿಚ್ಚಿ ಚೆನ್ನಪ್ಪನ ಹತ್ತಿರ ಹೋಗಿ, "ಸುಳ್ಯದ್ದು ಯಾವಾಗ?" ಎಂದು ಕೇಳಿದರು. ಶೀಲಾವತಿಗೆ ಅಷ್ಟು ಕೇಳಿದ್ದೇ ಸಾಕಾಯಿತು, ಮೇಜಿನ ಮೇಲಿದ್ದ ನೀರನ್ನು ಒಂದೇ ಗುಟುಕಿಗೆ ಕುಡಿದಳು.

ಸಂಜೆ ಪುತ್ತೂರಿಗೆ ಒಂದೇ ಬಸ್ಸು. ಏಜೆಂಟ ಇಲ್ಲದ ಬಸ್ಸಾದರೂ ತ್ಯಾಂಪಣ್ಣನಿಗೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ಬಾಗಿಲ ಹತ್ತಿರ ನಿಂತು, ಒಡೆದ ಗಂಟಲಿನಲ್ಲಿ, "ಪುತ್ತೂರು ಪುತ್ತೂರು, ಹತ್ತಿ ಹತ್ತಿ" ಎಂದು ಜನರನ್ನು ತುಂಬಿಸಿದ. ಶೀಲಾವತಿ ಹತ್ತಿದಳು, ಮಂಗಳೂರಿನಿಂದ ರೇಸು ನೋಡಲು ಬಂದವರು ಹತ್ತಿದರು. ಎಲ್ಲರ ಹಿಂದೆ, ಖಾಲಿ ಬುಟ್ಟಿ ಕಂಕುಳಲ್ಲಿಟ್ಟು ಬೋಜ ಬಂದ.

ತ್ಯಾಂಪಣ್ಣ ಅಭ್ಯಾಸದಂತೆ ರಟ್ಟೆ ಹಿಡಿಯಲು ಕೈ ಚಾಚಿದ. "ಬಲ ಬೋಜ."

ಬೋಜ ಕೈಯನ್ನು ದೂರ ಸರಿಸಿದ, ಮೆಟ್ಟಿಲ ಕೆಳಗೇ ನಿಂತ. ಡ್ರೈವರು ಹಾರ್ನ್ ಹಾಕಿದ. ಒಳಗಿನಿಂದ ಯಾರೋ, "ಎಂತ ಮಾರಾಯ್ರೆ, ಹೊತ್ತಾಯ್ತು" ಎಂದರು. ಬೋಜ ಕದಲಲಿಲ್ಲ.

"ಎಲ್ಲರಿಗೂ ಹೇಳುದನ್ನು ನನಗೂ ಹೇಳು" ಎಂದ.

ಇಬ್ಬರೂ ಹುಟ್ಟಿದಂದಿನಿಂದ ತುಳುವಿನಲ್ಲೇ ಮಾತಾಡಿಕೊಂಡವರು. ಈ ಒಂದು ಶಬ್ದ ಮಾತ್ರ ಕನ್ನಡದಲ್ಲೇ ಬರಬೇಕಿತ್ತು. ತ್ಯಾಂಪಣ್ಣ ಚಾಚಿದ ಕೈಯನ್ನು ಹಿಂದೆ ತೆಗೆದ.

"ಹತ್ತು, ಬೋಜ."

ಬೋಜ ಕಂಬಿ ಹಿಡಿದು, ಎಡಗಾಲನ್ನು ಮೊದಲು ಮೇಲಿಟ್ಟು, ಮಡಚದ ಕಾಲನ್ನು ಹಿಂದಿನಿಂದ ಎಳೆದುಕೊಂಡು, ತಾನಾಗಿಯೇ ಹತ್ತಿದ.